ಹದಿನೇಳನೆಯ ಕೊಂಬೆ

ಬೆಳಕು ಹರಿಯುವ ಮೊದಲು ಅವಳ ಪಾಲಿಗೆ ಬರುವ ಕೆಲಸಗಳು ಇವು: ಅತ್ತೆಯನ್ನು ಎಡ ಮಗ್ಗುಲಿನಿಂದ ಬಲ ಮಗ್ಗುಲಿಗೆ ಹೊರಳಿಸುವುದು, ಬೆನ್ನಿಗೆ ಹುಣ್ಣೆದ್ದಿದೆಯೇ ಎಂದು ದೀಪ ಹಿಡಿದು ನೋಡುವುದು, ಒದ್ದೆ ಬಟ್ಟೆ ತೆಗೆದು ನೆನೆಹಾಕುವುದು, ನೀರು ಕಾಯಿಸುವುದು, ಮೂರು ಡಬ್ಬಿಗೆ ಊಟ ತುಂಬುವುದು, ಮಗಳ ಶಾಲೆಯ ಅಂಗಿಗೆ ಇಸ್ತ್ರಿ ಹಾಕುವುದು, ಗಂಡನ ಕನ್ನಡಕ ಹುಡುಕಿಕೊಡುವುದು. ಕೊನೆಯದನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ. ಆದರೆ ಅದಾಗದೆ ಆ ಮನೆಯಲ್ಲಿ ಬೆಳಗಾಗುವುದೇ ಇಲ್ಲ. ಇಷ್ಟು ಮುಗಿಸಿ ಅವಳು ಏಳೂವರೆಯ ಬಸ್ಸು ಹಿಡಿದು, ಹಾಳಾಗಿಹೋದ ನೌಕೆಯೊಂದರ ಕಡತಗಳನ್ನು ಬಿಚ್ಚಲು ಹೋಗುತ್ತಿದ್ದಳು.

ನೌಕೆ ಹನ್ನೊಂದು ತಿಂಗಳು ಪಯಣಿಸಿ ಗ್ರಹದ ಹತ್ತಿರಕ್ಕೆ ಹೋಗಿತ್ತು. ಅಲ್ಲಿ ಅದರ ಎಂಜಿನ್ ಇಪ್ಪತ್ತು ನಿಮಿಷ ಉರಿದು ವೇಗ ತಗ್ಗಿಸಬೇಕಿತ್ತು. ನಲವತ್ತು ಸೆಕೆಂಡು ಉರಿದು ಆರಿತು. ನೌಕೆ ಗ್ರಹವನ್ನು ದಾಟಿ ಕತ್ತಲೆಗೆ ಸರಿದುಹೋಯಿತು. ಮರುವಾರವೇ ತನಿಖಾ ಸಮಿತಿ ಕೂತಿತು. ಏನೇನು ಕೆಟ್ಟಿರಬಹುದೋ ಅದನ್ನೆಲ್ಲ ಮರದ ಹಾಗೆ ಬರೆದು ಗೋಡೆಗೆ ಅಂಟಿಸಿದರು. ಒಟ್ಟು ನಲವತ್ತೆರಡು ಕೊಂಬೆ. ಇದು ಸರಿಯಾಗಿಯೇ ಇತ್ತು ಎನ್ನುವುದಕ್ಕೆ ದಾಖಲೆ ಸಿಕ್ಕರೆ ಆ ಕೊಂಬೆಗೆ ಕೆಂಪು ಗೆರೆ. ಕೊನೆಗೆ ಉಳಿದದ್ದೇ ಕಾರಣ. ದಾಖಲೆ ಹುಡುಕಲು ಅವಳನ್ನು ಕರೆಸಿದ್ದರು. ತಂತಿ ಜೋಡಿಸುವ ವಿಭಾಗದಲ್ಲಿ ಇಪ್ಪತ್ತು ವರ್ಷ ಸವೆಸಿದವಳು. ಯಾವ ಹಾಳೆ ಯಾವ ಕಪಾಟಿನಲ್ಲಿದೆ ಎಂಬುದು ಅವಳಿಗೆ ಅಂಗೈ ನೋಡಿಕೊಂಡಷ್ಟು ಸಲೀಸು.

ಆ ವಿಭಾಗದಲ್ಲಿ ಒಬ್ಬರೇ ಏನನ್ನೂ ಜೋಡಿಸುವಂತಿಲ್ಲ. ಒಬ್ಬರು ಜೋಡಿಸಬೇಕು, ಇನ್ನೊಬ್ಬರು ನಂಬರು ಓದಿ ಹೇಳಿ ಕಣ್ಣಾರೆ ನೋಡಬೇಕು, ಆಮೇಲೆ ಇಬ್ಬರೂ ಸಹಿ ಹಾಕಬೇಕು. ಜೋಡಿಸುವವರಿಗೆ ‘ಕೈ’ ಎಂದೂ ನೋಡುವವರಿಗೆ ‘ಕಣ್ಣು’ ಎಂದೂ ಹೆಸರು. ಕೈ ಎಂದರೆ ದೊಡ್ಡಣ್ಣ. ಅವಳಿಗೆ ಕೆಲಸ ಕಲಿಸಿದ ಹಿರಿಯ, ಎಲ್ಲರ ಬಾಯಲ್ಲೂ ದೊಡ್ಡಣ್ಣ. ಕಣ್ಣು ಇವಳು. ‘ಈ ಹುಡುಗಿ ಕಣ್ಣಿಟ್ರೆ ಸೊಳ್ಳೆಯ ಮೀಸೆನೂ ಎಣಿಸ್ತಾಳೆ’ ಎಂದು ಅವರು ಹೊಸಬರ ಮುಂದೆ ಹೊಗಳುತ್ತಿದ್ದರು. ಅವರು ತೀರಿಕೊಂಡು ಈಗ ಎಂಟು ತಿಂಗಳು.

ಹದಿನೇಳನೆಯ ಕೊಂಬೆ, ಇಂಧನ ಕೊಳವೆಗಳ ತಂತಿ ಜೋಡಣೆಯದು, ಶುಕ್ರವಾರ ಬಂತು. ಎಂಜಿನ್ನಿಗೆ ಇಂಧನ ಒಯ್ಯುವ ಕೊಳವೆಗಳು ಎರಡು. ಒಂದೊಂದಕ್ಕೂ ಒಂದು ಹೀಟರು, ಬಿಸಿ ಅಳೆಯುವ ಒಂದು ಸೆನ್ಸರು. ಬಲ ಕೊಳವೆ ತಣ್ಣಗಾಗಿದೆ ಎಂದು ಸೆನ್ಸರು ಹೇಳಿತ್ತು. ಗಣಕ ಬಲ ಹೀಟರನ್ನು ಹಚ್ಚಿತ್ತು. ಆದರೂ ಬಲ ಕೊಳವೆಯ ಅಂಕಿ ಇಳಿಯುತ್ತಲೇ ಹೋಯಿತು. ಹೀಟರೇ ಕೆಟ್ಟು, ಕೊಳವೆಯಲ್ಲಿ ಇಂಧನ ಹೆಪ್ಪುಗಟ್ಟಿ ಎಂಜಿನ್ ಆರಿತು ಎಂಬುದು ಸಮಿತಿಯ ಅನುಮಾನ. ಅವಳು ಎಡ ಕೊಳವೆಯ ಗೆರೆಯನ್ನೂ ನೋಡಿದಳು. ಬಲಕ್ಕೆ ಹೀಟರು ಹಚ್ಚಿದಾಗೆಲ್ಲ ಎಡದ ಗೆರೆ ಏರಿತ್ತು. ಎಡಗಾಲಿಗೆ ಚಳಿಯಾದರೆ ಬಲಗಾಲಿಗೆ ಕಾಲುಚೀಲ ತೊಡಿಸುತ್ತ ಹೋದ ಹಾಗೆ. ಎರಡು ಸೆನ್ಸರುಗಳ ಪ್ಲಗ್ಗು ಅದಲುಬದಲಾದರೆ ಹೀಗಾಗುತ್ತದೆ. ಎರಡೂ ಅಕ್ಕಪಕ್ಕ, ಒಂದೇ ಅಳತೆ, ಒಂದೇ ಬಣ್ಣ. ನೆಲದ ಮೇಲಿನ ಪರೀಕ್ಷೆಯಲ್ಲಿ ಎರಡೂ ಕೊಳವೆ ಒಂದೇ ಕೋಣೆಯ ಬಿಸಿಯಲ್ಲಿದ್ದವು. ತಪ್ಪು ಸಿಗುವ ದಾರಿಯೇ ಇರಲಿಲ್ಲ.

ಹಾಳೆ ತೆಗೆದಳು. ಜೋಡಣೆ ನಂಬರು ಇನ್ನೂರ ಹನ್ನೊಂದರಿಂದ ಇನ್ನೂರ ಹದಿನಾಲ್ಕು. ಕೈ, ದೊಡ್ಡಣ್ಣನ ಸಹಿ. ಕಣ್ಣು, ಅವಳ ಸಹಿ. ಕೆಳಗಿನ ತಾರೀಕು ನೋಡಿದಳು. ಅತ್ತೆ ಬಚ್ಚಲಲ್ಲಿ ಬಿದ್ದ ದಿನ. ಗಂಡ ಫೋನು ಮಾಡಿದ್ದ. ಇನ್ನು ನಾಲ್ಕೇ ಜೋಡಣೆ ಉಳಿದಿದ್ದವು. ‘ನೀನು ಹೊರಡಮ್ಮಾ, ಇದೇನು ಹೊಸದಾ ನಮಗೆ’ ಎಂದಿದ್ದರು ದೊಡ್ಡಣ್ಣ. ಅವಳು ನಾಲ್ಕು ಸಾಲಿಗೂ ಮುಂಚಿತವಾಗಿ ಸಹಿ ಎಳೆದು ಓಡಿದ್ದಳು. ಹಾಗೆ ಸಹಿ ಹಾಕಿ ಓಡಿದವರು ಆ ವಿಭಾಗದಲ್ಲಿ ಬೇಕಾದಷ್ಟಿದ್ದರು. ಹೆಚ್ಚಿನವರು ಹೆಂಗಸರು.

ಸಮಿತಿಯ ಅಧ್ಯಕ್ಷರು ಹಾಳೆಯ ಮೇಲೆ ಕಣ್ಣಾಡಿಸಿ ನಿರಾಳವಾಗಿ ನಕ್ಕರು.

"ನಿಮ್ಮ ಸಹಿನೇ ಇದೆಯಲ್ಲಮ್ಮಾ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಗೆರೆ ಎಳೆದು ಹೊಡೆದುಹಾಕಿ."

ಒಂದು ಹಾಳೆ ನೋಡುವುದು ಬಾಕಿಯಿದೆ, ಸೋಮವಾರ ಹೇಳುತ್ತೇನೆ ಎಂದಳು. ಪಕ್ಕದ ಕಟ್ಟಡದಲ್ಲಿ ಎರಡನೆಯ ನೌಕೆ ಅರ್ಧ ತಯಾರಾಗಿ ನಿಂತಿತ್ತು. ಅದರಲ್ಲೂ ಅದೇ ಎರಡು ಪ್ಲಗ್ಗು, ಅಕ್ಕಪಕ್ಕ. ಹದಿನೇಳನ್ನು ಹೊಡೆದರೆ ಹೀಟರು ಬದಲಾಯಿಸುತ್ತಾರೆ, ಪ್ಲಗ್ಗು ಹಾಗೇ ಉಳಿಯುತ್ತದೆ. ಹೊಡೆಯದಿದ್ದರೆ ಅವಳ ಕೆಲಸ ಹೋಗಬಹುದು, ದೊಡ್ಡಣ್ಣನ ಹೆಸರಿಗೆ ಮಸಿ ಬೀಳುವುದಂತೂ ಖಂಡಿತ.

ಭಾನುವಾರ ಮಧ್ಯಾಹ್ನ ಗಂಡನಿಗೆ ಹೇಳಿದಳು. ಅವನು ಕೆಟ್ಟವನಲ್ಲ. ಪೂರ್ತಿ ಕೇಳಿಸಿಕೊಂಡ. ಸತ್ತವರನ್ನು ಯಾಕೆ ಎಳೆಯುವುದು, ಹೀಟರು ಅಂತ ಅವರೇ ಹೇಳುತ್ತಿರುವಾಗ ನೀನು ಯಾಕೆ ಮೈಮೇಲೆ ಎಳೆದುಕೊಳ್ಳುವುದು ಎಂದ. ಅವತ್ತು ನೀವು ಕರೆದಿದ್ದಕ್ಕಲ್ಲವೇ ನಾನು ಬಂದದ್ದು ಎಂದು ಅವಳು ಕೇಳಿದಾಗ ಮಾತ್ರ ನಿಜಕ್ಕೂ ಆಶ್ಚರ್ಯಪಟ್ಟ.

"ನಾನು ಬಾ ಅಂದೆನಾ? ಅಮ್ಮ ಬಿದ್ದಿದ್ದಾಳೆ ಅಂತ ವಿಷಯ ತಿಳಿಸಿದೆ ಅಷ್ಟೆ."

ಅವಳು ನೆನಪು ಮಾಡಿಕೊಂಡಳು. ನಿಜ, ಬಾ ಎಂದಿರಲಿಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ಅವನು ಒಮ್ಮೆಯೂ ಬಾ ಎಂದವನಲ್ಲ. ವಿಷಯ ತಿಳಿಸುತ್ತಿದ್ದ, ಇವಳು ಚೀಲ ಎತ್ತಿಕೊಳ್ಳುತ್ತಿದ್ದಳು.

ಸೋಮವಾರ ನಸುಕಿನಲ್ಲಿ ಮಗ್ಗುಲು ಹೊರಳಿಸುವಾಗ ಅತ್ತೆ, ರಾತ್ರಿಯೆಲ್ಲ ನಿದ್ದೆ ಮಾಡದೆ ಏನು ಗುಡ್ಡ ಕಡಿಯುತ್ತಿದ್ದೆ ಎಂದು ಕೆಣಕಿದರು. ಮಗ ಹೇಳಿರಲಿಲ್ಲ, ಗೋಡೆಯಾಚೆಯಿಂದ ಅರ್ಧ ಕೇಳಿಸಿಕೊಂಡಿದ್ದರು. ಬೆನ್ನಿಗೆ ಪುಡಿ ಹಚ್ಚುತ್ತ ಅವಳು ಉಳಿದರ್ಧ ಹೇಳಿದಳು. ಮುದುಕಿ ಕತ್ತು ತಿರುಗಿಸಿ ಅವಳನ್ನು ನೋಡಿದರು.

"ನನ್ನ ಸೊಂಟ ಮುರಿದದ್ದು ಅಷ್ಟು ದೂರದ ಗ್ರಹಕ್ಕೂ ತಾಗಿತೇನೇ?"

"ನಿಮ್ಮದೇನೂ ತಪ್ಪಿಲ್ಲ ಅತ್ತೆ."

"ತಪ್ಪಿನ ಮಾತು ಯಾರಾಡಿದರು? ಅವನ ಆಫೀಸು ಇಲ್ಲಿಂದ ಇಪ್ಪತ್ತು ನಿಮಿಷ. ನಾನು ನೆಲದ ಮೇಲೆ ಒಂದೂವರೆ ಗಂಟೆ ಬಿದ್ದಿದ್ದೆ, ನೀನು ಬರೋ ತನಕ." ದಿಂಬಿನ ಕಡೆ ಮುಖ ತಿರುಗಿಸಿದರು. "ಹೆತ್ತವಳು ನಾನು. ಅವನನ್ನು ಹಾಗೆ ಬೆಳೆಸಿದವಳೂ ನಾನೇ. ಹೋಗು, ಬಸ್ಸಿಗೆ ಹೊತ್ತಾಯ್ತು."

ಹೇಳು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ದಾಖಲೆ ಕೋಣೆಯಲ್ಲಿ ಹತ್ತು ಗಂಟೆಗೆ ಅವಳೊಬ್ಬಳೇ ಇದ್ದಳು. ಮೇಜಿನ ಮೇಲೆ ಹದಿನೇಳನೆಯ ಕೊಂಬೆಯ ನಮೂನೆ, ಪಕ್ಕದಲ್ಲಿ ಕೆಂಪು ಪೆನ್ನು. ಕೆಂಪನ್ನು ಸರಿಸಿ ನೀಲಿ ಪೆನ್ನು ತೆಗೆದುಕೊಂಡಳು. ‘ಕೊಂಬೆಯನ್ನು ಹೊಡೆದುಹಾಕಬಾರದು. ಕೊನೆಯ ನಾಲ್ಕು ಜೋಡಣೆಗಳನ್ನು ನಾನು ನೋಡಿಲ್ಲ. ಮೊದಲೇ ಸಹಿ ಹಾಕಿ ಹೋಗಿದ್ದೆ’ ಎಂದು ಬರೆದಳು.

ಕೆಳಗೆ ಇನ್ನೊಂದು ಅಂಕಣವಿತ್ತು: ಗೈರಿಗೆ ಕಾರಣ. ‘ಅತ್ತೆ ಬಿದ್ದಿದ್ದರು. ಹೋಗಲು ಬೇರೆ ಯಾರೂ ಇರಲಿಲ್ಲ’ ಎಂದು ಬರೆದಳು. ಓದಿದರೆ ಯಾರಿಗೂ ಅಯ್ಯೋ ಅನ್ನಿಸುವ ಮಾತು. ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದು, ತಾನೂ ನಂಬಿದ್ದು ಅದನ್ನೇ. ಬರೆದದ್ದನ್ನು ಇನ್ನೊಮ್ಮೆ ಓದಿದಳು. ಆಮೇಲೆ ಎರಡನೆಯ ವಾಕ್ಯಕ್ಕೆ ಒಂದು ಗೆರೆ ಎಳೆದು, ಮೇಲೆ ಬಿಡಿಸಿ ಬರೆದಳು: ‘ಬೇರೆಯವರು ಇದ್ದರು. ಹೋದವಳು ನಾನು.’