ಮಾಮಿ ಹೂಂ ಅಂದರೆ ಪ್ರಕಟ

ಮೊನ್ನೆ ತಾಂಬರಂ ಲೋಕಲ್‌ನಲ್ಲಿ ಪಕ್ಕದ ಸೀಟಿನ ಹೆಂಗಸು ನೆಗಡಿಯೆಂದು ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಾಕಿಕೊಂಡರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತ್ರಿಪ್ಲಿಕೇನ್‌ನ ಒಂದು ಮೆಸ್ಸಿನ ಮೇಲಿದ್ದ ಮಹಡಿ ಮನೆ ನೆನಪಾಯಿತು. ಮಂಚದ ಮೇಲೆ ಮಾಮಿ, ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾಮಾ, ಅವರ ಕೈಯಲ್ಲಿ ಮೊಬೈಲು... ಮಾಮಿಯ ಮೊಣಕಾಲಿಗೆ ಹಚ್ಚುತ್ತಿದ್ದ ಆ ಎಣ್ಣೆಯ ವಾಸನೆ ಆ ಮನೆಯ ಗೋಡೆಗೂ ಹಿಡಿದಿತ್ತು.

ಅವರು ನನಗೆ ನೆಂಟರಲ್ಲ. ನಾನು ಆಗ ಅಂಬತ್ತೂರಿನ ಒಂದು ಕಂಪ್ಯೂಟರ್ ಕಂಪನಿಯಲ್ಲಿದ್ದೆ. ಬಿಡುವಿನಲ್ಲಿ ಒಂದು ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದೆ. ಎಂದೋ ಮುಗಿದುಹೋದ ಒಂದು ಕನ್ನಡ ಧಾರಾವಾಹಿಯ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿಗಳು ತಾವೇ ಹೊಸ ಕಥೆ ಬರೆದು ಕಳಿಸುವ ಜಾಗ ಅದು. ಮಾಡಲು ಬೇರೆ ಕೆಲಸವಿಲ್ಲವೇ ಎಂದು ನಮ್ಮ ಮನೆಯಲ್ಲಿ ನಗುತ್ತಿದ್ದರು. ಇರಲಿಲ್ಲ, ನಿಜ.

ಬಂದ ಕಥೆ ನೇರವಾಗಿ ಪ್ರಕಟವಾಗುತ್ತಿರಲಿಲ್ಲ. ಮೊದಲು ನನ್ನ ಬಳಿ ಬರುತ್ತಿತ್ತು. ಬೇರೆ ಕಡೆಯಿಂದ ಕದ್ದದ್ದೋ, ಬೈಗುಳವಿದೆಯೋ ಎಂದು ನೋಡಿ ನಾನು ಮುಂದಕ್ಕೆ ತಳ್ಳುತ್ತಿದ್ದೆ. ಧಾರಾವಾಹಿಯ ಜನ ಕಥೆಯಲ್ಲೂ ಅದೇ ಜನರ ಹಾಗೆ ನಡೆದುಕೊಳ್ಳುತ್ತಾರೋ ಎಂದು ನೋಡಿ, ಕೊನೆಗೆ ಒಪ್ಪಿಗೆಯನ್ನೋ ತಿರಸ್ಕಾರವನ್ನೋ ಒತ್ತುವವರು ಮಾಮಾ. ವಿಮಾ ಕಚೇರಿಯಿಂದ ನಿವೃತ್ತರಾದವರು, ತಲೆಮಾರುಗಳಿಂದ ಮದ್ರಾಸಿನಲ್ಲೇ ಇದ್ದ ಕನ್ನಡ ಮನೆತನ. ಒಂದು ಕಥೆಯ ಕೆಳಗೆ ಅವರು ಬರೆದಿದ್ದ ಉದ್ದನೆಯ ತಕರಾರು ಓದಿ ನಾನೇ ಅವರನ್ನು ಈ ಕೆಲಸಕ್ಕೆ ಎಳೆದಿದ್ದೆ.

ಬರೆಯುವವರೆಲ್ಲ ಅವರನ್ನು ಯಾರೋ ಭಾರಿ ಪಂಡಿತರೆಂದುಕೊಂಡಿದ್ದರು. ಪಂಡಿತರೂ ಇಲ್ಲ, ಮಣ್ಣೂ ಇಲ್ಲ. ಮೊದಲ ಸಲ ಅವರ ಮನೆಗೆ ಹೋದಾಗಲೇ ನನಗೆ ಗುಟ್ಟು ತಿಳಿಯಿತು. ಮಾಮಾ ಪ್ರತಿ ಕಥೆಯನ್ನೂ ಮಾಮಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಆ ಧಾರಾವಾಹಿಯ ಒಂದು ಕಂತನ್ನೂ ಬಿಡದೆ ನೋಡಿದ್ದವರು ಮಾಮಿ. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟುವ ಹಾಗೆ ಅವರು ಹೂಂಗುಟ್ಟುತ್ತಾ ಕೇಳುತ್ತಿದ್ದರು. ಕೊನೆಯವರೆಗೂ ಹೂಂ ನಡೆದರೆ ಕಥೆ ಪ್ರಕಟ. ನಡುವೆ ಎಲ್ಲಾದರೂ ನಿಂತರೆ ತಿರಸ್ಕಾರ. ಅದಕ್ಕಿಂತ ದೊಡ್ಡ ನಿಯಮ ಆ ಮನೆಯಲ್ಲಿರಲಿಲ್ಲ.

ಅವತ್ತಿನ ಕಥೆಯಲ್ಲಿ ಧಾರಾವಾಹಿಯ ಹಿರಿಸೊಸೆ ಅತ್ತೆಯ ಮೇಲೆ ಹರಿಹಾಯ್ದಳು. ಹೂಂ ನಿಂತಿತು.

"ಏನ್ನಾ ಇದು? ಅವ್ಳು ಅಂಥವ್ಳಲ್ಲ. ಇದನ್ನ ಬರ್ದವ್ನಿಗೆ ಅವ್ಳ ಪರಿಚಯವೇ ಇಲ್ಲ. ವೇಂಡಾಂ, ವಾಪಸ್ ಕಳ್ಸಿಬಿಡಿ," ಎಂದರು ಮಾಮಿ. ಪಕ್ಕದ ಮನೆಯವಳ ಮಾನ ಕಾಯುವ ಹಾಗಿತ್ತು ಆ ಸಿಟ್ಟು.

ತಿರಸ್ಕರಿಸಿದರೆ ಒಂದು ಕಾರಣ ಆರಿಸಬೇಕು. ಪರದೆಯ ಮೇಲೆ ಕದ್ದದ್ದು, ಬೈಗುಳ ಎಂದೆಲ್ಲ ನಾನು ಜೋಡಿಸಿಟ್ಟಿದ್ದ ಕಾರಣಗಳಲ್ಲಿ ಮಾಮಿಯ ಕಾರಣಕ್ಕೆ ಜಾಗವಿರಲಿಲ್ಲ. ಮಾಮಾ 'ಇತರೆ' ಎಂಬುದನ್ನು ಒತ್ತಿ, ಮಾಮಿ ಹೇಳಿದ್ದನ್ನೇ ಸ್ವಲ್ಪ ಮೆತ್ತಗೆ ಮಾಡಿ ಕೆಳಗೆ ಬರೆದರು. ಕಥೆಗಾರ ಗೊಣಗುತ್ತಲೇ ತಿದ್ದಿ ಮತ್ತೆ ಕಳಿಸಿದ. ಆ ಸಲ ಹೂಂ ಕೊನೆಯವರೆಗೂ ನಡೆಯಿತು, ಕಥೆಯೂ ನಿಜಕ್ಕೂ ಚೆನ್ನಾಗಿತ್ತು.

ಆಮೇಲೆ ಮಾಮಿಗೆ ಮರೆವು ಹಿಡಿಯಿತು. ಮೊದಲು ಗ್ಯಾಸ್ ಆರಿಸುವುದು ಮರೆತರು, ಆಮೇಲೆ ನೆಂಟರ ಮುಖ, ಆಮೇಲೆ... ಮಾತೇ ಕಡಿಮೆಯಾಯಿತು. ಮಾಮಾ ನನಗೆ ಇದಾವುದನ್ನೂ ಸರಿಯಾಗಿ ಹೇಳಲಿಲ್ಲ. ನನಗೆ ಅಂಬತ್ತೂರಿನಲ್ಲಿ ಕೂತು ಕಂಡದ್ದು ಇಷ್ಟೇ: ಬಂದ ಕಥೆಗಳೆಲ್ಲ ತಿರಸ್ಕೃತ. ಕಾರಣ, ಇತರೆ. ಕೆಳಗೆ ಒಂದಕ್ಷರವೂ ಇಲ್ಲ. ಬರೆಯುವವರು ರೇಗಿದರು. ಈ ಪರಿಶೀಲಕರಿಗೇನು ಕೊಂಬು ಬಂದಿದೆಯೇ ಎಂದು ಒಬ್ಬಾಕೆ ಎಲ್ಲರೆದುರೇ ಬರೆದಳು. ಇವತ್ತು ಕೇಳಿಯೇಬಿಡುತ್ತೇನೆ ಎಂದು ನಾನು ತ್ರಿಪ್ಲಿಕೇನ್‌ಗೆ ಹೋದೆ.

ಮಾಮಾ ಓದುತ್ತಿದ್ದರು. ಒಂದು ಪ್ಯಾರಾ ಮುಗಿಸಿ ನಿಲ್ಲುವರು, ಮಾಮಿಯ ಮುಖ ನೋಡುವರು, ಕಾಯುವರು. ಮಾಮಿ ತಿರುಗುವ ಫ್ಯಾನ್ ನೋಡುತ್ತಾ ಮಲಗಿದ್ದರು.

"ಹಿಡಿಸ್ಲಿಲ್ಲಮ್ಮಾ ಅವ್ಳಿಗೆ," ಎಂದು ಮಾಮಾ ತಿರಸ್ಕಾರ ಒತ್ತಿದರು. "ಬೇರೆ ಇದ್ರೆ ಕಳ್ಸು."

ನನ್ನ ಸಿಟ್ಟು ಅಲ್ಲೇ ಇಳಿಯಿತು. ಇನ್ನು ಮುಂದೆ ಕೊನೆಯ ಒಪ್ಪಿಗೆ ನಾನೇ ಕೊಡುತ್ತೇನೆ, ನೀವು ಮಾಮಿಯನ್ನು ನೋಡಿಕೊಳ್ಳಿ ಎಂದೆ. ಅವರು ಗಾಬರಿಯಾಗಿ ಮೊಬೈಲನ್ನು ಎದೆಗೆ ಒತ್ತಿಕೊಂಡರು.

"ಹಂಗ್ ಮಾಡ್ಬೇಡಮ್ಮಾ. ಡಾಕ್ಟ್ರು ಕೈ ಬಿಟ್ಟಾಚು. ನಂಗಿರೋದು ಇದೊಂದೇ. ಅವ್ಳಿಗೆ ಹಿಡಿಸೋ ಕಥೆ ಒಂದು ಬಂದ್ರೆ, ಹೂಂ ಅಂದೇ ಅಂತಾಳೆ."

ಅಲ್ಲಿಂದ ಆ ಹುಚ್ಚು ನನಗೂ ಹತ್ತಿತು. ಹಿರಿಸೊಸೆಯ ಕಥೆಗಳು ಬೇಕಾಗಿವೆ ಎಂದು ಪ್ರಕಟಣೆ ಹಾಕಿದೆ. ಬಂದವು, ಬಂದ ಹಾಗೇ ಹೋದವು. ನಾನೇ ಒಂದು ಬರೆದೆ. ನನ್ನ ಜೀವನದ ಮೊದಲ ಕಥೆ, ತಿರಸ್ಕೃತ, ಇತರೆ. ಕೊನೆಗೆ, ಮಾಮಿ ಒಂದು ಕಾಲದಲ್ಲಿ ಕಣ್ಣೊರೆಸಿಕೊಳ್ಳುತ್ತಾ ಹೂಂಗುಟ್ಟಿದ್ದ ಹಳೆಯ ಕಥೆಯೊಂದನ್ನು ಹುಡುಕಿ ಮಾಮಾಗೆ ತೋರಿಸಿದೆ. ಅವರು ಆಸೆಯಿಂದ ಓದಿದರು. ಏನೂ ಆಗಲಿಲ್ಲ. ಪ್ರಕಟವಾಗಿ ವರ್ಷಗಳಾಗಿದ್ದ ಆ ಕಥೆಯನ್ನೂ ಅವರು ತಿರಸ್ಕರಿಸಿ ತೆಗೆದುಹಾಕಿಬಿಟ್ಟರು! ಬರೆದವರು ಫೋನ್ ಮಾಡಿ ನನಗೆ ಉಗಿದರು. ಅವರಿಗೆ ಏನೆಂದು ವಿವರಿಸಲಿ...

ಒಂದು ಬೆಳಿಗ್ಗೆ, ನಾನು ಅಲ್ಲಿದ್ದಾಗಲೇ, ಮಾಮಿ "ಹೂಂ" ಎಂದರು.

ಮಾಮಾ ಓದು ನಿಲ್ಲಿಸಿದರು. ಅದೇ ಸಾಲನ್ನು ಮತ್ತೆ ಓದಿದರು. ಮಾಮಿ ಸುಮ್ಮನಿದ್ದರು. ಕೆಳಗೆ ಬೀದಿಯಲ್ಲಿ ಸೊಪ್ಪು ಮಾರುವವಳು "ಕೀರೇ..." ಎಂದು ಕೂಗಿದಳು. "ಹೂಂ," ಎಂದರು ಮಾಮಿ. ಅವಳು ಇನ್ನೊಮ್ಮೆ ಕೂಗಿದಳು. "ಹೂಂ."

ನನಗೆ ಮಾಮಾ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಹೋಗಲಿ ಮಾಮಾ, ಇದೊಂದನ್ನು ಪ್ರಕಟಿಸಿಬಿಡಿ ಎಂದೆ.

"ಅದು ಕಥೆಗೆ ಅಂದದ್ದಲ್ಲಮ್ಮಾ," ಎಂದು ಅವರು ತಿರಸ್ಕಾರವನ್ನೇ ಒತ್ತಿದರು.

ಮಾಮಿ ಹೋದರು. ವೈಕುಂಠ ಸಮಾರಾಧನೆಯ ದಿನ ನಾನೂ ಹೋಗಿ ಉಂಡು ಬಂದೆ. ಮಾಮಾ ಅಳಲಿಲ್ಲ, ಎಲ್ಲರ ಎಲೆಗೂ ಬಡಿಸಿದ್ದಾರೋ ಎಂದು ನೋಡುತ್ತಾ ಓಡಾಡುತ್ತಿದ್ದರು. ಮಾರನೆಯ ದಿನ ಕಚೇರಿಯಲ್ಲಿ ವೆಬ್‌ಸೈಟ್ ತೆರೆದರೆ, ಪರಿಶೀಲನೆಗೆ ಕಾದಿದ್ದ ಒಂದು ಕಥೆಯೂ ಉಳಿದಿರಲಿಲ್ಲ. ಎಲ್ಲವೂ ಪ್ರಕಟ. ಹಿಂದೆ ತಿರಸ್ಕರಿಸಿದ್ದವೂ ಪ್ರಕಟ. ನನ್ನದೂ ಪ್ರಕಟ. ಬರೆಯುವವರಿಗೆ ಹಬ್ಬವೋ ಹಬ್ಬ. ಕೊಂಬು ಬಂದಿದೆಯೇ ಎಂದವಳು ಹೂಗುಚ್ಛದ ಚಿತ್ರ ಹಾಕಿ ಕೃತಜ್ಞತೆ ಹೇಳಿದ್ದಳು.

ನಾನು ಫೋನ್ ಮಾಡಿದೆ. "ಎಲ್ಲಾ ಓದಿದ್ರಾ ಮಾಮಾ?"

"ಯಾರಿಗೆ ಓದ್ಲಮ್ಮಾ?"

ತಿರಸ್ಕರಿಸುತ್ತಿದ್ದಷ್ಟು ದಿನವೂ ಆ ಮನುಷ್ಯನಿಗೆ ಆಸೆಯಿತ್ತು. ಅದು ನನಗೆ ಹೊಳೆದದ್ದು ಆಗ. ಫೋನ್ ಇಟ್ಟು, ಕಚೇರಿಯ ಬಾತ್‌ರೂಮಿಗೆ ಹೋಗಿ ಅತ್ತೆ.

ವರ್ಷ ತಿರುಗುವ ಮೊದಲೇ ಮಾಮಾ ಕೂಡ ಹೋದರು. ಆ ಮಹಡಿ ಈಗ ಪಕ್ಕದ ಲಾಡ್ಜಿಗೆ ಸೇರಿದೆಯಂತೆ. ಕೊನೆಯ ಒಪ್ಪಿಗೆ ಕೊಡುವವಳು ಈಗ ನಾನು. ಲೋಕಲ್‌ನಲ್ಲಿ ನಿಂತುಕೊಂಡೇ ಮೊಬೈಲಿನ ಮೇಲೆ ಕಣ್ಣಾಡಿಸುತ್ತೇನೆ. ಕದ್ದದ್ದಲ್ಲ, ಬೈಗುಳವಿಲ್ಲ, ಪ್ರಕಟ. ಗಟ್ಟಿಯಾಗಿ ಓದಿದರೆ ಕೇಳುವವರು ನನಗೆ ಯಾರೂ ಇಲ್ಲ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಎರಡು ಸಾಲು ಮುಗಿಯುವಷ್ಟರಲ್ಲಿ "ಪೋದುಂಮ್ಮಾ, ಸಾಕು" ಎಂದು ಎದ್ದು ಹೋಗುತ್ತಾಳೆ.

ಮೊನ್ನೆ ತಾಂಬರಂನಲ್ಲಿ ಇಳಿಯುವ ಹೊತ್ತಿಗೆ ಹೊಸಬಳೊಬ್ಬಳ ಸಂದೇಶ ಬಂತು. ಕಥೆ ಪ್ರಕಟವಾದದ್ದು ತುಂಬಾ ಖುಷಿಯಂತೆ. "ಒಂದೇ ಒಂದು ಪ್ರಶ್ನೆ ಮೇಡಂ. ಅದನ್ನ ಯಾರಾದ್ರೂ ಓದಿದ್ರಾ?"

ಅವಳ ಕಥೆಯ ಹೆಸರು ಕೂಡ ನನಗೆ ನೆನಪಾಗಲಿಲ್ಲ. ನಮ್ಮಲ್ಲಿ ಓದುತ್ತಿದ್ದವರು ಇಬ್ಬರೇ, ಇಬ್ಬರೂ ಇಲ್ಲ. ಓದಿದೆವು, ಚೆನ್ನಾಗಿದೆ ಎಂದು ಉತ್ತರ ಬರೆದೆ. ನಾನು ಪ್ಲಾಟ್‌ಫಾರಂ ದಾಟುವುದರೊಳಗೆ ಅವಳು ಇನ್ನೊಂದು ಕಥೆ ಕಳಿಸಿದಳು.