ಅಪ್ಪನ ರೇಡಿಯೋ ಗೆದ್ದ ದಿನ

ಇವತ್ತು ಟೆರೇಸಿನಲ್ಲಿ ಮಳೆಗೆ ನೆನೆದ ಹಪ್ಪಳದ ಇಂಗಿನ ವಾಸನೆಗೆ ಹೊಸಮನೆ ಬಡಾವಣೆಯ ನಮ್ಮ ಹಳೆಯ ಬೀದಿ ನೆನಪಾಯ್ತು. ಹಪ್ಪಳ ಹರವುವ ಮೊದಲು ನನ್ನಮ್ಮನೂ ಸೇರಿ ಎಲ್ಲರೂ ಗೆಳತಿ ವಾಣಿಯ ಅಮ್ಮನನ್ನೇ ಮಳೆ ಬರುತ್ತಾ ಎಂದು ಕೇಳುತ್ತಿದ್ದರು. ಅವರು ಗಾಜನೂರಿನ ಕಡೆ ಮೋಡ ನೋಡಿ ಹೇಳಿದರೆ ಮುಗೀತು. ರೇಡಿಯೋದ ಹವಾಮಾನ ವರದಿ ಒಪ್ಪಿಸುವ ಅಪ್ಪನನ್ನು ಕಂಡು ಬೀದಿಯೇ ನಗುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ರೇಡಿಯೋ ಮಳೆ ಬರುತ್ತೆ ಎಂದಿತು, ವಾಣಿಯ ಅಮ್ಮ ಇಲ್ಲ ಎಂದರು. ಮಧ್ಯಾಹ್ನ ಮಳೆ ಸುರಿದು ಎಲ್ಲರ ಹಪ್ಪಳವೂ ಮುದ್ದೆಯಾಯ್ತು. ನಾನು ಕುಣಿದಾಡಿದೆ. ಅವರು ಕಣ್ಣೊರೆಸಿಕೊಳ್ಳುತ್ತಾ ನಮ್ಮನೆಗೆ ಬಂದರೆ ಅಪ್ಪ, "ಬಿಡಿ ಮಾರಾಯ್ತಿ, ರೇಡಿಯೋದಲ್ಲೂ ಮಳೆ ಇಲ್ಲ ಅಂತಲೇ ಹೇಳಿದ್ರು," ಎಂದುಬಿಟ್ಟರು!

ಗೆದ್ದ ಒಂದೇ ದಿನವನ್ನೂ ಅವರಿಗೇ ಕೊಟ್ಟರಲ್ಲ ಎಂದು ಅಪ್ಪನ ಜೊತೆ ಮಾತು ಬಿಟ್ಟಿದ್ದೆ.

ಈಗ ನನ್ನ ಹೊಟ್ಟೆಕಿಚ್ಚೆಲ್ಲ ಅಪ್ಪನ ಮೇಲೆ. ಅಷ್ಟು ಸಲೀಸಾಗಿ ಸೋಲೋದು ನನಗಿನ್ನೂ ಬಂದಿಲ್ಲ.