ಎರಡು ಬೆರಳ ಮಡಿಕೆ

ನೀರು ಚಿಮುಕಿಸಿದ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಕೂತಾಗ ಒಂದು ವಾಸನೆ ಏಳುತ್ತದೆ. ಅದರಲ್ಲಿ ಹಬೆ, ಹೊಸ ಬಟ್ಟೆಯ ಗಂಜಿ, ಸ್ವಲ್ಪ ಕಮಟು ಎಲ್ಲ ಸೇರಿರುತ್ತದೆ. ಹೋದ ತಿಂಗಳು ಕಡೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಟೈಲರ್ ಅಂಗಡಿಯಲ್ಲಿ ಆ ವಾಸನೆ ನನ್ನ ಮೂಗಿಗೆ ಬಡಿಯಿತು. ಮಗಳ ಮದುವೆಗೆಂದು ನಮ್ಮ ಯಜಮಾನರಿಗೆ ಹೊಲಿಸಿದ ಪ್ಯಾಂಟು ಮೇಜಿನ ಮೇಲೆ ಮಲಗಿತ್ತು. ಸೊಂಟ, ಜೇಬು, ಗೆರೆ ಎಲ್ಲ ಮುಗಿದು ಕಾಲಿನ ತುದಿ ಮಾತ್ರ ಹಸಿಯಾಗಿ ಎಳೆ ಬಿಟ್ಟುಕೊಂಡಿತ್ತು. "ಅಮ್ಮಾ, ಕೆಳಗೆ ಪ್ಲೇನ್ ಬಿಡ್ಲಾ, ಹೊರಕ್ಕೆ ಮಡಿಕೆ ಕೊಡ್ಲಾ? ಈಗ ತಿರ್ಗಾ ಮಡಿಕೇದೇ ಫ್ಯಾಷನ್ನು" ಎಂದು ಟೈಲರ್ ಕೇಳಿದರು. ನಮ್ಮವರು ನಕ್ಕು, "ಅವಳ್ನೇ ಕೇಳಿ ಸ್ವಾಮಿ. ಕಾನ್ವೆಂಟಲ್ಲಿ ಹೊಲಿಗೇಲಿ ಫಸ್ಟ್ ಪ್ರೈಜ್ ಹೊಡ್ದೋಳು" ಎಂದರು. ಅವರು ತಮಾಷೆಗೆ ಹೇಳಿದ್ದು. ನಾನು ಬಾಗಿಲ ಹೊರಗೆ ನಿಂತ ಬಸ್ಸಿನ ಬೋರ್ಡು ಓದುವವಳಂತೆ ಮುಖ ತಿರುಗಿಸಿದೆ. ಬೋರ್ಡಿನಲ್ಲಿ ತರೀಕೆರೆ ಎಂದಿತ್ತು.

ತರೀಕೆರೆಯಲ್ಲಿ ನಮ್ಮದು ಬಾಡಿಗೆ ಮನೆ, ಹಂಚಿನ ಸೂರಿನ ಎರಡು ಕೋಣೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ಕನಕಾಂಬರದ ಗಿಡ. ಈಗ ಆ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿಯಿದೆ, ಕಲ್ಲು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅವರ ಅಕ್ಷರ ಎಷ್ಟು ದುಂಡಗಿತ್ತೆಂದರೆ ಅಮಲ್ದಾರರು ಮುಖ್ಯವಾದ ಕಾಗದಗಳನ್ನೆಲ್ಲ ಅವರ ಕೈಯಲ್ಲೇ ಬರೆಸುತ್ತಿದ್ದರು. ನಡೆಯುವಾಗ ಅಪ್ಪ ಎಡಕ್ಕೆ ತುಸು ವಾಲುತ್ತಿದ್ದರು. ಒಬ್ಬೊಬ್ಬರಿಗೆ ಮಾತಾಡುವಾಗ ಕಣ್ಣು ಮಿಟುಕಿಸುವ ಅಭ್ಯಾಸವಿರುವಂತೆ ಅದು ಅಪ್ಪನ ಅಭ್ಯಾಸ ಎಂದುಕೊಂಡಿದ್ದೆ. ಹನ್ನೆರಡು ವರ್ಷ ಅದೇ ಮನೆಯಲ್ಲಿ ಬೆಳೆದ ನನಗೆ ಅದಕ್ಕಿಂತ ಹೆಚ್ಚೇನೂ ತಿಳಿದಿರಲಿಲ್ಲ. ತಿಳಿಯದಂತೆ ನೋಡಿಕೊಂಡವಳು ಅಮ್ಮ.

ಅಪ್ಪನ ಪ್ಯಾಂಟುಗಳನ್ನು ಸಿದ್ದಪ್ಪ ಎಂಬ ಟೈಲರು ಹೊಲಿಯುತ್ತಿದ್ದರು. ಅವರೂ ಕಾಲಿನ ತುದಿ ಮಡಚದೆ ಹಾಗೇ ಕಳಿಸುತ್ತಿದ್ದರು. "ಬಾಟಮ್ ಮಾತ್ರ ಅಮ್ಮಾವ್ರ ಡಿಪಾರ್ಟ್‌ಮೆಂಟಪ್ಪ, ನಾವು ಕೈ ಹಾಕಂಗಿಲ್ಲ" ಎಂದು ನನ್ನ ಕೈಗೆ ಪೊಟ್ಟಣ ಕೊಡುವಾಗಲೆಲ್ಲ ನಗುತ್ತಿದ್ದರು. ಅಮ್ಮ ಮಧ್ಯಾಹ್ನದ ಬೆಳಕಿನಲ್ಲಿ ನಡುಮನೆಯ ಹೊಸ್ತಿಲ ಮೇಲೆ ಕೂತು, ಅದೇ ಬಣ್ಣದ ದಾರ ಹುಡುಕಿ, ಹೊರಗೆ ಒಂದು ಚುಕ್ಕೆಯೂ ಕಾಣದಂತೆ ಹೆಮ್ಮಿಂಗ್ ಮಾಡುತ್ತಿದ್ದಳು. ಆ ಪ್ಯಾಂಟುಗಳು ಅಗಸರ ಮನೆಗೆ ಹೋಗುತ್ತಿರಲಿಲ್ಲ. ಒಗೆಯುವುದು, ಇಸ್ತ್ರಿ ಮಾಡುವುದು, ಮಡಿಸಿ ಗೂಟಕ್ಕೆ ಹಾಕುವುದು ಎಲ್ಲ ಅವಳದೇ. ಅಪ್ಪನಿಗೆ ಒಂದೇ ಒಂದು ಆಸೆಯಿತ್ತು. ಹೊಸ ಅಮಲ್ದಾರರ ಪ್ಯಾಂಟಿನಂತೆ ತನ್ನದಕ್ಕೂ ಕೆಳಗೆ ಹೊರಮಡಿಕೆ ಇರಬೇಕು ಅಂತ. "ಒಂದ್ಸಲ ಇಟ್‌ಕೊಡೇ, ನಿನ್ ಗಂಟೇನ್ ಹೋಗ್ತದೆ?" ಎನ್ನುತ್ತಿದ್ದರು. ಅಮ್ಮ ದಾರ ಹಲ್ಲಿನಿಂದ ಕಡಿದು, "ಬ್ಯಾಡ ಕಣ್ರೀ. ಮಡಿಕೆ ಅಂದ್ರೆ ಕಾಲಿಗೆ ಗೆರೆ ಎಳ್ದಂಗೆ. ನೋಡೋರು ಅಳೀತಾರೆ. ಜನ ನಿಮ್ ಮುಖ ನೋಡ್ಬೇಕು" ಎನ್ನುತ್ತಿದ್ದಳು. ಅಪ್ಪ ಮೀಸೆ ತಿರುವಿ, "ಮುಖದಲ್ಲೇನಿದೆ ನೋಡೋಕೆ?" ಎಂದರೆ, "ಇಲ್ದಿದ್ರೆ ನಾನ್ ಯಾಕ್ ಒಪ್ಕೋತಿದ್ದೆ?" ಎಂದು ಅವಳು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು. ಆ ಮಾತು ನನ್ನ ಕಿವಿಗೆ ಬಿದ್ದಿತ್ತು. ನನಗೆ ಅರ್ಥವಾಗಿದ್ದು ಅಪ್ಪನ ಆಸೆ ಮಾತ್ರ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸ್ಕೂಲ್ ಡೇ ದಿನ ಹೆತ್ತವರ ಪರವಾಗಿ ನಾಲ್ಕು ಮಾತಾಡಲು ಸಿಸ್ಟರ್ ಅಪ್ಪನನ್ನು ಕರೆದರು. ಅಪ್ಪ ಅದಕ್ಕೆಂದು ಬೂದು ಬಣ್ಣದ ಬಟ್ಟೆ ತಂದು ಹೊಲಿಸಿದರು. ಅಮ್ಮ ತುದಿ ಮಡಚಿ ಇಸ್ತ್ರಿ ಹಾಕಿಟ್ಟು, ಶನಿವಾರ ತನ್ನ ಅಕ್ಕನ ಮಗಳ ಸೀಮಂತಕ್ಕೆಂದು ಅಜ್ಜಂಪುರಕ್ಕೆ ಹೋದಳು. ಭಾನುವಾರ ಸಾಯಂಕಾಲ ರೈಲಿಳಿದು ನೇರ ಶಾಲೆಗೇ ಬರುತ್ತೇನೆಂದು ಹೇಳಿದ್ದಳು. ಭಾನುವಾರ ಬೆಳಗ್ಗೆ ಅಪ್ಪ ಭಾಷಣ ಗಟ್ಟಿಮಾಡಿಕೊಳ್ಳುತ್ತ ಹಿತ್ತಲಿನಲ್ಲಿ ತಿರುಗುತ್ತಿದ್ದಾಗ, ನಾನು ಕೋಣೆಯ ಬಾಗಿಲು ಹಾಕಿಕೊಂಡು ಆ ಪ್ಯಾಂಟನ್ನು ತೊಡೆಯ ಮೇಲೆ ಹರಡಿಕೊಂಡೆ. ಹೊಲಿಗೆ ಕ್ಲಾಸಿನಲ್ಲಿ ಆ ವರ್ಷ ನಾನೇ ಮೊದಲು. ಅಪ್ಪನಿಗೆ ಮಡಿಕೆ ಇಟ್ಟುಕೊಡುವವಳು ನಾನು ಎಂದು ಮನಸ್ಸು ಹಿಗ್ಗುತ್ತಿತ್ತು. ಅಮ್ಮನ ಹೊಲಿಗೆ ಬಿಚ್ಚಿದೆ. ನೋಡಿದರೆ ಒಳಗೆ ಎಡಗಾಲಿನ ಬಟ್ಟೆ ಬಲಗಾಲಿಗಿಂತ ಎರಡು ಬೆರಳು ಹೆಚ್ಚು ಮಡಚಿತ್ತು. ಪಾಪ, ಅಮ್ಮನಿಗೆ ಅಳತೆ ತಪ್ಪಿದೆ ಎಂದುಕೊಂಡೆ. ಅವಳನ್ನು ತಿದ್ದುತ್ತಿದ್ದೇನೆಂಬ ಸಣ್ಣ ಜಂಬವೂ ಬಂತು. ಯಾವುದು ಸರಿ ಎಂದು ನೋಡಲು ಗೂಟದಲ್ಲಿದ್ದ ಹಳೆಯ ಪ್ಯಾಂಟು ತೆಗೆದು, ಮಡಿಸಿದಂತೆಯೇ ಹಾಸಿ, ಮೇಲಿದ್ದ ಕಾಲನ್ನಷ್ಟೇ ಅಳೆದೆ. ಅದು ಎಡಗಾಲು. ಎರಡೂ ಕಾಲನ್ನು ಅದೇ ಅಳತೆಗೆ ತಂದು, ಸಿಸ್ಟರ್ ಹೇಳಿಕೊಟ್ಟಂತೆ ಹೆಚ್ಚಿನ ಬಟ್ಟೆ ಕತ್ತರಿಸಿ, ಹೊರಕ್ಕೆ ಮಡಿಕೆ ತಿರುಗಿಸಿ, ಒಂದೊಂದೂ ಹೊಲಿಗೆ ಸಮವಾಗಿರುವಂತೆ ಹೊಲಿದೆ. ಕತ್ತರಿಯ ಬಾಯಿಗೆ ಆ ಬಟ್ಟೆ ಎಷ್ಟು ಸಲೀಸಾಗಿ ಸಿಕ್ಕಿತ್ತು!

ಸಾಯಂಕಾಲ ಅಪ್ಪ ಅದನ್ನು ತೊಟ್ಟು ಬೂಟು ಹಾಕಿಕೊಂಡು ಎದ್ದು ನಿಂತರು. ಬಗ್ಗಿ ನೋಡಿದರು. ಬಲಗಾಲಿನ ಮಡಿಕೆ ಬೂಟಿನಿಂದ ಮೇಲೆ ಹೋಗಿ, ಕಾಲುಚೀಲದ ಒಂದು ಪಟ್ಟಿ ಪೂರ್ತಿ ಕಾಣುತ್ತಿತ್ತು. ನಾನು ಬಾಗಿಲ ಹತ್ತಿರ ಕೈ ಹಿಸುಕಿಕೊಳ್ಳುತ್ತ ನಿಂತಿದ್ದೆ. ಒಂದು ಉಸಿರಿನಷ್ಟು ಹೊತ್ತು ಅಪ್ಪ ಆ ಪಟ್ಟಿಯನ್ನೇ ನೋಡಿದರು. ಆ ಒಂದು ಉಸಿರನ್ನು ನಾನು ಇವತ್ತಿಗೂ ಎಣಿಸುತ್ತೇನೆ. ಆಮೇಲೆ ಮುಖ ಎತ್ತಿ, "ಅರೆ! ಮಡಿಕೆ! ಯಾರವ್ವಾ ಇಟ್ಟಿದ್ದು?" ಎಂದರು. "ನಾನೇ ಅಪ್ಪ." "ನೀನೇನಾ? ನಿಮ್ಮಮ್ಮನ ಕೈಲಿ ಆಗ್ದಿದ್ದು ನೀನ್ ಮಾಡ್ಬಿಟ್ಟೆ ಕಣೇ ಪುಟ್ಟಿ!" ಗೂಟದಲ್ಲಿ ಇನ್ನೂ ಎರಡು ಪ್ಯಾಂಟಿದ್ದವು. ಅಪ್ಪ ಅತ್ತ ನೋಡಲೂ ಇಲ್ಲ. ಬಾಚಣಿಗೆ ತೆಗೆದುಕೊಂಡು ತಲೆ ಬಾಚಿ, ನನ್ನ ಕೈ ಹಿಡಿದು ಹೊರಟರು.

ಶಾಲೆಯ ವೇದಿಕೆ ಎಷ್ಟು ಎತ್ತರವಿತ್ತೆಂದರೆ, ಜಮಖಾನದ ಮೇಲೆ ಕೂತ ಮಕ್ಕಳಿಗೆ ಮೇಲೆ ಬಂದವರ ಪಾದವೇ ಮೊದಲು ಕಾಣುತ್ತಿತ್ತು. ಅಪ್ಪನ ಹೆಸರು ಕರೆದರು. ಈ ತುದಿಯಿಂದ ಮೈಕಿನವರೆಗೆ ಅಪ್ಪ ನಡೆದರು. ಬೂದು ಬಟ್ಟೆಯ ಮೇಲೆ ನಾನು ಇಸ್ತ್ರಿ ಮಾಡಿದ ಎರಡು ಮಡಿಕೆಯ ಗೆರೆಗಳು, ಒಂದು ಕೆಳಗೆ, ಒಂದು ಮೇಲೆ, ಒಂದು ಕೆಳಗೆ, ಒಂದು ಮೇಲೆ. ಹಿಂದಿನ ಸಾಲಿನಲ್ಲಿ ಯಾರೋ, "ಏಯ್, ನೋಡ್ರೇ, ಒಂದ್ ಕಾಲು ಗಿಡ್ಡ" ಎಂದಳು. ಇನ್ನೊಬ್ಬಳು ಕಿಸಕ್ಕೆಂದಳು. ಅಮ್ಮನ ಅಳತೆ ತಪ್ಪಿರಲಿಲ್ಲ ಎಂಬುದು ನನಗೆ ಆಗ ಗೊತ್ತಾಯಿತು. ಅಪ್ಪ ಮೈಕಿನ ಮುಂದೆ ನಿಂತು ಗಂಟಲು ಸರಿಪಡಿಸಿಕೊಂಡು, "ಈ ಶಾಲೆ ನಮ್ಮ ಮಕ್ಕಳಿಗೆ ಏನು ಕಲಿಸಿದೆ ಅಂತ ನಾನು ಹೇಳಬೇಕಾಗಿಲ್ಲ. ಇವತ್ತು ನಾನು ತೊಟ್ಟಿರೋ ಉಡುಪಿಗೆ ನನ್ನ ಮಗಳೇ ಮಡಿಕೆ ಹೊಲಿದಿದ್ದಾಳೆ" ಎಂದರು. ಇಡೀ ಸಭೆ ಕೆಳಗೆ ನೋಡಿ ಚಪ್ಪಾಳೆ ತಟ್ಟಿತು. ನಾನು ತಲೆ ಬಗ್ಗಿಸಿದೆ. ಗೋಡೆಯ ಪಕ್ಕ, ಸೀಮಂತದ ಮಡಿಲಕ್ಕಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ ಅಮ್ಮ ಚಪ್ಪಾಳೆ ತಟ್ಟಲಿಲ್ಲ.

ಮರುದಿನ ಬೆಳಗ್ಗೆ ನಾನು ಬಚ್ಚಲಲ್ಲಿದ್ದಾಗ ಹೊರಗೆ ಅವರಿಬ್ಬರ ಮಾತು ಕೇಳಿಸಿತು. "ಕೊಡ್ರೀ ಇತ್ಲಾಗೆ. ಬಿಚ್ಚಿ ಪ್ಲೇನ್ ಮಾಡ್‌ಕೊಡ್ತೀನಿ, ಹತ್ ನಿಮಿಷದ ಕೆಲ್ಸ" ಎಂದಳು ಅಮ್ಮ. ಅಪ್ಪ ತಗ್ಗಿದ ದನಿಯಲ್ಲಿ, "ಬಿಚ್‌ಬ್ಯಾಡ ಕಣೇ. ಬಿಚ್ಚಿದ್ರೆ ಮಗೀಗೆ ಗೊತ್ತಾಗ್ತದೆ. ಎಷ್ಟ್ ಆಸೆಯಿಂದ ಮಾಡೈತೆ. ಇರ್ಲಿ ಬಿಡು" ಎಂದರು. ನಾನು ಚೊಂಬು ಕೈಯಲ್ಲಿ ಹಿಡಿದು, ನೀರು ಹುಯ್ದುಕೊಳ್ಳದೆ ಹಾಗೇ ಕೂತಿದ್ದೆ. ಎದ್ದು ಹೋಗಿ, "ಅಪ್ಪ, ನನಗೆ ಗೊತ್ತಾಗಿದೆ, ಬಿಚ್ಚಿಸಿ" ಎಂದಿದ್ದರೆ ಮುಗಿಯುತ್ತಿತ್ತು. ಒಂದು ಮಾತು. ಹಾಗೆ ಹೇಳಿದರೆ, ಕಾಲು ನೋಡಿದೆ ಅಂತ ಅಪ್ಪನಿಗೆ ಹೇಳಿದಂತಾಗುತ್ತದಲ್ಲ ಎಂದು ಹೆದರಿದೆ. ಅಪ್ಪ ಪ್ರತಿ ಸೋಮವಾರ ಆ ಪ್ಯಾಂಟು ತೊಟ್ಟು ಕಚೇರಿಗೆ ಹೋದರು. ಬೀದಿಯ ತಿರುವಿನಲ್ಲಿ ಹಿಂದೆ ನೋಡಿ ನನಗೆ ಕೈ ಎತ್ತುತ್ತಿದ್ದರು. ನಾನೂ ಎತ್ತುತ್ತಿದ್ದೆ. ಮಂಡಿಯ ಹತ್ತಿರ ಬಟ್ಟೆ ಜಾಳಾಗುವವರೆಗೆ ಎಷ್ಟು ಸೋಮವಾರಗಳಾದವೋ. ನನಗೆ ತಿಳಿಯಬಾರದೆಂದು ಅವರು ತೊಟ್ಟರು. ತಿಳಿದಿದೆಯೆಂದು ಅವರಿಗೆ ಗೊತ್ತಾಗಬಾರದೆಂದು ನಾನು ನಗುತ್ತ ನಿಂತೆ. ಅಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ಅಪ್ಪನ ಪ್ಯಾಂಟನ್ನು ಮತ್ತೆ ನನ್ನ ಕೈಗೆ ಕೊಡಲಿಲ್ಲ. ಸಿದ್ದಪ್ಪನವರ ಅಂಗಡಿಗೂ ತಾನೇ ಹೋಗಿ ಬರತೊಡಗಿದಳು.

ನನ್ನ ಬಾಣಂತನದಲ್ಲಿ ಒಮ್ಮೆ, ಮಗುವಿನ ಕುಲಾವಿ ಹೊಲಿಯುತ್ತ, ಅಮ್ಮ ತಾನಾಗಿಯೇ ಹೇಳಿದಳು. ಅಪ್ಪ ತಮ್ಮ ಊರು ಬುಕ್ಕಾಂಬುಧಿಯಲ್ಲಿ ಮೂರು ವರ್ಷದವರಿದ್ದಾಗ ಜ್ವರ ಬಂದು ಎಡಗಾಲು ಸರಿಯಾಗಿ ಬೆಳೆಯಲಿಲ್ಲವಂತೆ. ಕೆರೆ ಏರಿಯ ಮೇಲೆ ಅವರ ತಾಯಿ ಕೈಹಿಡಿದು ಮತ್ತೆ ನಡಿಗೆ ಕಲಿಸಿದರಂತೆ. "ಹೆಣ್ ನೋಡಕ್ ಬಂದಾಗ ನಂಗದೇನ್ ಗೊತ್ತು? ತಲೆ ಬಗ್ಗಿಸ್ಕಂಡ್ ಕೂತಿದ್ದೆ. ನಂಗ್ ಕಂಡಿದ್ದೇ ಅವರ್ ಪ್ಯಾಂಟಿನ ಅಂಚು. ಎಡಗಡೇದು ಹಿಮ್ಮಡಿ ಕೆಳಗೆ ಸಿಕ್ಕಿ ಸಿಕ್ಕಿ ಎಳೆ ಎಳೆ ಆಗಿತ್ತು. ಎರಡ್ ಬೆರಳು ಮಡಚಿ ಕೊಡೋರು ಯಾರೂ ಇಲ್ವಲ್ಲ ಇವ್ರಿಗೆ ಅನ್ನಿಸ್ತು. ಆಮೇಲ್ ತಲೆ ಎತ್ತಿ ಮುಖ ನೋಡ್ದೆ." ಅಷ್ಟು ಹೇಳಿ ಸೂಜಿಗೆ ದಾರ ಪೋಣಿಸಿಕೊಂಡಳು. ಸ್ಕೂಲ್ ಡೇ ಬಗ್ಗೆ ನಾನು ಬಾಯಿ ತೆರೆಯಬಹುದಿತ್ತು. ಮಗು ಅತ್ತಿತು, ಎದ್ದು ಹೋದೆ. ಅಪ್ಪ ಪಕ್ಕದ ಕೋಣೆಯಲ್ಲೇ ಪೇಪರ್ ಓದುತ್ತಿದ್ದರು.

ಕಡೂರಿನ ಟೈಲರಿಗೆ ನಾನು ಕೊನೆಗೆ, "ಹಾಗೇ ಬಿಡಿ, ನಾನೇ ಮಡಚ್ಕೋತೀನಿ" ಎಂದೆ. ಪ್ಯಾಂಟು ಮನೆಯಲ್ಲಿದೆ. ನಮ್ಮವರ ಎರಡೂ ಕಾಲು ಸಮವೇ. ಆದರೂ ನಾಲ್ಕು ಸಲ ಅಳೆದಿದ್ದೇನೆ, ಇನ್ನೂ ಸೂಜಿ ಹಾಕಿಲ್ಲ. ಅಳೆಯಲು ಕೂತಾಗಲೆಲ್ಲ ಕಣ್ಣ ಮುಂದೆ ಬರುವುದು ಅಪ್ಪ ಹೋದ ದಿನ.

ಪಡಸಾಲೆಯಲ್ಲಿ ಚಾಪೆಯ ಮೇಲೆ ಅಪ್ಪನನ್ನು ಮಲಗಿಸಿ ಬಿಳಿ ಪಂಚೆ ಉಡಿಸಿದ್ದರು. ಹೆಬ್ಬೆರಳುಗಳನ್ನು ಸೇರಿಸಿ ದಾರ ಕಟ್ಟಬೇಕಿತ್ತು. ಕಟ್ಟಲು ಕೂತ ನಮ್ಮ ದೊಡ್ಡಪ್ಪನ ಮಗನಿಗೆ ಎರಡೂ ಬೆರಳು ಒಂದೇ ಕಡೆ ಸಿಕ್ಕಲಿಲ್ಲ. "ಎಡಗಾಲು ಸ್ವಲ್ಪ ಎಳ್ದು ಹಿಡ್ಕಳ್ರಪ್ಪಾ" ಎಂದ. ಅಲ್ಲಿಯವರೆಗೆ ಕಂಬಕ್ಕೊರಗಿ ಕಲ್ಲಿನಂತೆ ಕೂತಿದ್ದ ಅಮ್ಮ, "ಎಳೀಬ್ಯಾಡ್ರೋ, ನೋವಾಗ್ತದೆ. ಅದಿರೋದೇ ಅಷ್ಟು" ಎಂದು ಎದ್ದು ಬಂದಳು. ದಾರವನ್ನು ತಾನೇ ಇಸಿದುಕೊಂಡು ಸಡಿಲವಾಗಿ ಕಟ್ಟಿದಳು. ಮಂಡಿಯೂರಿ ಕೂತು, ಪಂಚೆಯ ಅಂಚನ್ನು ಎಡಗಡೆ ಎರಡು ಬೆರಳು ಒಳಕ್ಕೆ ಮಡಚಿ, ಬಲಗಡೆ ಜಗ್ಗಿ, ಅಂಗೈಯಿಂದ ಸವರಿದಳು. ಅವಳ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ತುಂಬಿದ ಕಣ್ಣಿನಲ್ಲಿ ಇನ್ನೇನು ಕಂಡೀತು. ನನ್ನ ಕಡೆ ತಿರುಗಿ, "ನಿಂಗೊತ್ತಲ್ಲ ಪುಟ್ಟಿ. ನೋಡು, ಸಮ ಐತಾ?" ಎಂದಳು.

ಸ್ಕೂಲ್ ಡೇ ದಿನವೇ ನನಗೆ ತಿಳಿದಿತ್ತೆಂಬುದು ಅಷ್ಟು ವರ್ಷ ಅವಳಿಗೂ ಗೊತ್ತಿತ್ತು. ನಾನು ಬಗ್ಗಿ, ಬಲಗಡೆಯ ಅಂಚನ್ನು ಒಂದು ಎಳೆಯಷ್ಟು ಕೆಳಗೆ ಎಳೆದೆ.

"ಸಮ ಐತಮ್ಮ" ಎಂದೆ.

ಆಮೇಲೆ ಕಚೇರಿಯವರು, ಬೀದಿಯವರು, ಅಜ್ಜಂಪುರದವರು ಹಾರ ಹಿಡಿದು ಒಬ್ಬೊಬ್ಬರಾಗಿ ಬಂದರು. ಬಂದವರೆಲ್ಲ ಅಪ್ಪನ ಮುಖ ನೋಡಿ ಹೋದರು.